ಬಿಳಿ ಗೆರೆಯಾಚೆ ನಾಲ್ಕು ಚಕ್ರ

2022ರ ಅಕ್ಟೋಬರ್ 30. ಅಮೆರಿಕದ ವರ್ಜೀನಿಯಾದಲ್ಲಿರುವ ಮಾರ್ಟಿನ್ಸ್‌ವಿಲ್ ಟ್ರ್ಯಾಕ್‌ನಲ್ಲಿ ನಾಸ್ಕಾರ್ ರೇಸಿನ ಕೊನೆಯ ಲ್ಯಾಪ್ ನಡೆಯುತ್ತಿತ್ತು. ರಾಸ್ ಚಾಸ್ಟೇನ್ ಹತ್ತನೇ ಸ್ಥಾನದಲ್ಲಿದ್ದರು. ಋತುವಿನ ಅಂತಿಮ ಹಣಾಹಣಿಗೆ ಅರ್ಹತೆ ಸಿಗಬೇಕಾದರೆ ಇನ್ನೆರಡು ಸ್ಥಾನ ಮೇಲೇರಬೇಕು, ಉಳಿದದ್ದು ಎರಡೇ ತಿರುವು. ಉಳಿದವರೆಲ್ಲ ಬ್ರೇಕ್ ಒತ್ತುವ ಜಾಗದಲ್ಲಿ ಚಾಸ್ಟೇನ್ ಐದನೇ ಗೇರ್ ಹಾಕಿದರು, ಆಕ್ಸಿಲರೇಟರನ್ನು ಪೂರ್ತಿ ತುಳಿದರು, ಕಾರಿನ ಬಲಮೈಯನ್ನು ಹೊರಗಿನ ಗೋಡೆಗೆ ಒರಗಿಸಿಬಿಟ್ಟರು. ಮುಂದಿನದನ್ನು ಗೋಡೆ ನೋಡಿಕೊಂಡಿತು. ಕಿಡಿ ಹಾರಿಸುತ್ತ, ಗೋಡೆಗೆ ಮೈ ಉಜ್ಜುತ್ತ ಕಾರು ತಿರುವನ್ನು ಸುತ್ತಿ ಬಂತು. ಐದು ಕಾರುಗಳು ಹಿಂದೆ ಬಿದ್ದವು, ಅರ್ಹತೆ ಕೈಗೆ ಬಂತು. ಆ ಲ್ಯಾಪಿನ ಸಮಯ 18.845 ಸೆಕೆಂಡ್. ಆ ಟ್ರ್ಯಾಕ್‌ನಲ್ಲಿ ಅಂಥ ಕಾರು ಅಷ್ಟು ಬೇಗ ಒಂದು ಸುತ್ತು ಹಾಕಿದ್ದು ಅದೇ ಮೊದಲು.

ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಜಗತ್ತಿನ ಸುದ್ದಿಯಾಯಿತು. ಹುಡುಗನಾಗಿದ್ದಾಗ ಗೇಮ್‌ಕ್ಯೂಬ್ ಎಂಬ ಗೇಮ್ ಯಂತ್ರದಲ್ಲಿ ‘ನಾಸ್ಕಾರ್ 2005’ ಆಡುತ್ತಿದ್ದರಂತೆ, ಅಲ್ಲಿ ಗೋಡೆಗೆ ಒರಗಿಕೊಂಡೇ ತಿರುವು ದಾಟಬಹುದಿತ್ತಂತೆ. ಕೆಲವೇ ತಿಂಗಳಲ್ಲಿ, 2023ರ ಜನವರಿಯಲ್ಲಿ, ನಾಸ್ಕಾರ್ ಆಡಳಿತ ಇದ್ದ ಸುರಕ್ಷತಾ ನಿಯಮವನ್ನೇ ಮುಂದಿಟ್ಟು ಇನ್ನು ಯಾರಾದರೂ ಹೀಗೆ ಮಾಡಿದರೆ ದಂಡ ಎಂದು ಸಾರಿತು.

ಚಾಸ್ಟೇನ್ ಮಾಡಿದ್ದನ್ನು ಕಂಡು ಬೆರಗಾದವರು ರೇಸ್ ನೋಡುವವರು. ರೇಸಿಂಗ್ ಗೇಮ್ ಆಡುವವರಿಗೆ ಅದರಲ್ಲಿ ಹೊಸತೇನಿರಲಿಲ್ಲ, ಅವರೆಲ್ಲ ಅದನ್ನು ಎಂದೋ ಮಾಡಿ ಮುಗಿಸಿದ್ದಾರೆ. ಆಟದಲ್ಲಿ ಗೋಡೆಗೆ ಉಜ್ಜಿದರೆ ಪಕ್ಕೆಲುಬು ಮುರಿಯುವುದಿಲ್ಲ, ಗ್ಯಾರೇಜಿನ ಬಿಲ್ಲು ಬರುವುದಿಲ್ಲ, ಮನೆಯವರು ಆಸ್ಪತ್ರೆಗೆ ಓಡುವುದಿಲ್ಲ. ನಿಜವಾದ ರೇಸ್ ಟ್ರ್ಯಾಕ್‌ನ ಅಂಚನ್ನು ಕಾಯುವುದು ಅರ್ಧ ನಿಯಮ, ಇನ್ನರ್ಧ ಹೆದರಿಕೆ. ಆನ್‌ಲೈನ್ ಆಟದಲ್ಲಿ ಆ ಎರಡನೇ ಅರ್ಧ ಇಲ್ಲವೇ ಇಲ್ಲ. ಅದಕ್ಕೇ ಅಲ್ಲಿನ ಟ್ರ್ಯಾಕ್ ಲಿಮಿಟ್ ಪೆನಾಲ್ಟಿ, ಅಂದರೆ ಟ್ರ್ಯಾಕ್‌ನ ಎಲ್ಲೆ ಮೀರಿದ್ದಕ್ಕೆ ಬೀಳುವ ದಂಡ, ಇಷ್ಟು ಕಟ್ಟುನಿಟ್ಟು, ಇಷ್ಟು ಕಿರಿಕಿರಿ, ಕೆಲವೊಮ್ಮೆ ಇಷ್ಟು ಅನ್ಯಾಯ. ಹೆದರಿಕೆ ಮಾಡಬೇಕಾದ ಕೆಲಸವನ್ನೂ ಅದೊಂದೇ ಮಾಡಬೇಕು.

ನಿಯಮ ಕೇಳಲು ಸರಳ. ಫಾರ್ಮುಲಾ ಒನ್‌ನಲ್ಲಿ ಟ್ರ್ಯಾಕ್‌ನ ಎರಡೂ ಅಂಚಿನ ಬಿಳಿ ಗೆರೆಗಳೇ ಎಲ್ಲೆ. ಗೆರೆ ಟ್ರ್ಯಾಕ್‌ಗೆ ಸೇರಿದ್ದು, ಅದರಾಚೆಗಿನ ಕೆಂಪು-ಬಿಳಿ ಕರ್ಬ್ ಸೇರಿದ್ದಲ್ಲ. ಕಾರಿನ ಒಂದು ಚಕ್ರವಾದರೂ ಗೆರೆಗೆ ತಾಗಿಕೊಂಡಿದ್ದರೆ ನೀವು ಒಳಗೆ, ನಾಲ್ಕೂ ಆಚೆ ಹೋದರೆ ಹೊರಗೆ. ನಮ್ಮ ಕಬಡ್ಡಿಯಲ್ಲಿ ಇದಕ್ಕಿಂತ ಬಿಗಿ: ಮೈಯ ಯಾವ ಭಾಗ ಹೊರಗಿನ ನೆಲಕ್ಕೆ ತಾಗಿದರೂ ಔಟ್. ಆದರೆ ಹಿಡಿತ ಶುರುವಾಯಿತೋ, ಅಲ್ಲಿವರೆಗೆ ಹೊರಗಿದ್ದ ಲಾಬಿ ಆಟದಂಗಳಕ್ಕೆ ಸೇರಿಕೊಳ್ಳುತ್ತದೆ. ಒಬ್ಬರನ್ನೊಬ್ಬರು ತಳ್ಳಾಡುವ ಹೊತ್ತಿನಲ್ಲಿ ಗೆರೆಯ ಅರ್ಥ ಬೇರೆಯಾಗಬೇಕು ಎಂಬ ಈ ತಿಳಿವಳಿಕೆ ರೇಸಿಂಗ್ ಆಟಗಳನ್ನು ಬರೆದ ಎಂಜಿನಿಯರುಗಳಿಗೆ ಇನ್ನೂ ಪೂರ್ತಿ ದಕ್ಕಿಲ್ಲ.

ಅಷ್ಟಕ್ಕೂ ಗೆರೆ ದಾಟಿದರೆ ಸಿಗುವುದೇನು? ತಿರುವಿನಲ್ಲಿ ಕಾರು ಹೋಗಬಹುದಾದ ಗರಿಷ್ಠ ವೇಗ ಅದು ಬಳಸುವ ವೃತ್ತದ ತ್ರಿಜ್ಯದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 100 ಮೀಟರ್ ತ್ರಿಜ್ಯದ ತಿರುವನ್ನು 104 ಮೀಟರಿನದ್ದಾಗಿ ಮಾಡಿಕೊಂಡರೆ ವೇಗ ಸುಮಾರು 2% ಹೆಚ್ಚುತ್ತದೆ. ಗಂಟೆಗೆ 138 ಕಿಲೋಮೀಟರಿನಲ್ಲಿ ಹೋಗುತ್ತಿದ್ದ ಕಾರು ಹೆಚ್ಚುಕಡಿಮೆ 141ರಲ್ಲಿ ಹೋಗುತ್ತದೆ. ಇಷ್ಟೇನಾ ಅನ್ನಬೇಡಿ. ಆ ಮೂರು ಕಿಲೋಮೀಟರ್ ತಿರುವಿನಲ್ಲೇ ಮುಗಿಯುವುದಿಲ್ಲ, ಮುಂದಿನ ನೇರ ಹಾದಿಯುದ್ದಕ್ಕೂ ಜೊತೆಗೆ ಬರುತ್ತದೆ. ಇಡೀ ಗುಂಪು ಅರ್ಧ ಸೆಕೆಂಡಿನೊಳಗೆ ಮುಗಿಯುವ ಅರ್ಹತಾ ಸುತ್ತಿನಲ್ಲಿ ಇದು ಐದಾರು ಸ್ಥಾನದ ಮಾತು.

ಹಿಂದೆ ಯಾರೂ ಗೆರೆ ದಾಟದಂತೆ ನೆಲವೇ ನೋಡಿಕೊಳ್ಳುತ್ತಿತ್ತು. ಅಂಚು ದಾಟಿದರೆ ಹುಲ್ಲು, ಹುಲ್ಲಿನಾಚೆ ಜಲ್ಲಿ, ಜಲ್ಲಿಯಾಚೆ ಗೋಡೆ. ಆದರೆ ಅಡ್ಡಡ್ಡ ಜಾರಿಬಂದ ಕಾರು ಜಲ್ಲಿಯಲ್ಲಿ ಹೂತು ಪಲ್ಟಿ ಹೊಡೆಯುವ ಅಪಾಯವಿತ್ತು. ಹಾಗಾಗಿ ಹಲವು ಟ್ರ್ಯಾಕ್‌ಗಳಲ್ಲಿ ಜಲ್ಲಿ ಹೋಗಿ ಅಗಲವಾದ ಡಾಂಬರಿನ ಬಯಲು ಬಂತು. ಅದು ಜೀವ ಉಳಿಸಿತು, ಒಳ್ಳೆಯದೇ. ಜೊತೆಗೆ ತಪ್ಪಿಗೆ ತೆರಬೇಕಿದ್ದ ಬೆಲೆಯನ್ನೂ ಅಳಿಸಿಹಾಕಿತು. ಮೊನಾಕೊದಲ್ಲಿ ಇಂದಿಗೂ ಟ್ರ್ಯಾಕ್ ಲಿಮಿಟ್ ಜಗಳ ಅಪರೂಪ, ಅಲ್ಲಿ ಗೆರೆಯಾಚೆ ಇರುವುದು ಕಬ್ಬಿಣದ ತಡೆಗೋಡೆ.

ಬೆಲೆ ಅಳಿಸಿಹೋದರೆ ಏನಾಗುತ್ತದೆ ಎಂಬುದು 2023ರ ಜುಲೈ 2ರಂದು ಆಸ್ಟ್ರಿಯಾದ ಸ್ಪೀಲ್‌ಬರ್ಗ್‌ನಲ್ಲಿ ಕಂಡಿತು. ಅಲ್ಲಿನ ರೆಡ್ ಬುಲ್ ರಿಂಗ್ ಚಿಕ್ಕ ಟ್ರ್ಯಾಕ್, ಆಗ 4.318 ಕಿಲೋಮೀಟರ್, ರೇಸಿಗೆ 71 ಲ್ಯಾಪ್. ಕೊನೆಯ ಎರಡು ತಿರುವುಗಳಾದ 9 ಮತ್ತು 10ರಲ್ಲಿ ಇಳಿಜಾರಿನಲ್ಲಿ ಬರುವ ಕಾರು ಹೊರಕ್ಕೆ ಜಾರುತ್ತದೆ, ಜಾರಿದಲ್ಲಿ ಡಾಂಬರು ಕೈಬೀಸಿ ಕರೆಯುತ್ತದೆ. ಆ ದಿನ ಗೆರೆ ದಾಟಿರಬಹುದಾದ 1,200ಕ್ಕೂ ಹೆಚ್ಚು ಸಂದರ್ಭಗಳು ಅಧಿಕಾರಿಗಳ ಮೇಜಿಗೆ ಬಂದವು. ರೇಸ್ ನಡೆಯುತ್ತಿರುವಾಗ ಅಷ್ಟನ್ನೂ ನೋಡಿ ಮುಗಿಸಲು ಅವರಿಗೆ ಆಗಲಿಲ್ಲ. ಪಾರಿತೋಷಕ ಕೊಟ್ಟು, ಷಾಂಪೇನ್ ಚಿಮ್ಮಿಸಿ, ಜನ ಮನೆಗೆ ಹೋದ ಮೇಲೆ ಆಸ್ಟನ್ ಮಾರ್ಟಿನ್ ತಂಡ ದೂರು ಕೊಟ್ಟಿತು, ಲೆಕ್ಕ ಮತ್ತೆ ಶುರುವಾಯಿತು. ಎಂಟು ಚಾಲಕರಿಗೆ ಹೊಸದಾಗಿ ದಂಡ ಬಿತ್ತು. ಕಾರ್ಲೋಸ್ ಸೈನ್ಝ್ ನಾಲ್ಕರಿಂದ ಆರಕ್ಕೆ ಇಳಿದರು. ಎಸ್ಟೆಬನ್ ಓಕಾನ್ ಒಬ್ಬರಿಗೇ ಒಟ್ಟು 30 ಸೆಕೆಂಡ್. ಅದಕ್ಕೂ ಮೊದಲು, ಅರ್ಹತಾ ಸುತ್ತಿನಲ್ಲಿ ಸರ್ಜಿಯೊ ಪೆರೆಜ್ ಅವರ ಲ್ಯಾಪ್‌ಗಳು ಒಂದರ ಹಿಂದೊಂದು ರದ್ದಾಗಿ, ಎಲ್ಲರಿಗಿಂತ ವೇಗದ ಕಾರು ಕೈಯಲ್ಲಿದ್ದರೂ ಅವರು 15ನೇ ಸ್ಥಾನದಲ್ಲಿ ಉಳಿದಿದ್ದರು.

ಅದೇ ವರ್ಷದ ಕೊನೆಯ ರೇಸ್ ಅಬುಧಾಬಿಯಲ್ಲಿ. ಅಲ್ಲಿ ಫಾರ್ಮುಲಾ ಒನ್‌ನ ನಿಯಂತ್ರಣ ಸಂಸ್ಥೆ ಎಫ್‌ಐಎ ಗೆರೆ ದಾಟಿದ್ದನ್ನು ಗುರುತಿಸಲು ಕಂಪ್ಯೂಟರಿಗೇ ಕಣ್ಣು ಕೊಟ್ಟು ನೋಡಿತು. ನಿಸ್ಸಂದೇಹವಾದ ಪ್ರಕರಣಗಳನ್ನು ಯಂತ್ರ ಸೋಸಿ ತೆಗೆದರೆ ಮನುಷ್ಯರು ಅನುಮಾನ ಇರುವುದನ್ನಷ್ಟೇ ನೋಡಿದರೆ ಸಾಕು ಎಂಬುದು ಲೆಕ್ಕಾಚಾರ. ಗೇಮ್ ಆಡುವವರು ಇದನ್ನು ಓದಿ ನಕ್ಕಿರಬೇಕು. ಅವರ ಲೋಕದಲ್ಲಿ ಯಂತ್ರಕ್ಕೆ ಕ್ಯಾಮೆರಾದ ಹಂಗೇ ಇಲ್ಲ. ಪ್ರತಿ ಚಕ್ರ ಎಲ್ಲಿದೆ ಎಂಬುದು ಅದಕ್ಕೆ ಸದಾ ಗೊತ್ತು, ಯಾಕೆಂದರೆ ಆ ಚಕ್ರವನ್ನು ಅಲ್ಲಿಟ್ಟದ್ದೇ ಅದು. ಅಳತೆಯಲ್ಲಿ ತಪ್ಪುವ ಪ್ರಶ್ನೆಯೇ ಇಲ್ಲ. ಆದರೂ ಜಗಳ ಮಾತ್ರ ಅಲ್ಲಿ ಹೆಚ್ಚು!

90ರ ದಶಕದ ಕೊನೆಗೆ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ‘ರೋಡ್ ರ್ಯಾಶ್’ ಆಡಿದ ನಮ್ಮ ತಲೆಮಾರಿಗೆ ಇದೆಲ್ಲ ವಿಚಿತ್ರ ಅನ್ನಿಸೀತು. ಆಗ ಫುಟ್‌ಪಾತ್ ಮೇಲೆ ಬೈಕ್ ಹತ್ತಿಸಿದರೆ ಕೇಳುವವರಿರಲಿಲ್ಲ, ಬಿದ್ದಾಗ ಪೊಲೀಸನ ಕೈಗೆ ಸಿಕ್ಕರಷ್ಟೇ ಕತೆ ಮುಗಿಯುತ್ತಿತ್ತು. ಈಗಿನ ಸಿಮ್ ರೇಸಿಂಗ್ ಬೇರೆಯೇ ಜಾತಿ. ಸ್ಟೀರಿಂಗ್, ಪೆಡಲ್ ಜೋಡಿಸಿಕೊಂಡು, ಲೇಸರ್‌ನಿಂದ ಅಳೆದು ಕಟ್ಟಿದ ಟ್ರ್ಯಾಕ್‌ಗಳಲ್ಲಿ, ಬೇರೆ ಬೇರೆ ಖಂಡದ ಇಪ್ಪತ್ತು ಮೂವತ್ತು ಅಪರಿಚಿತರು ಒಟ್ಟಿಗೆ ಓಡುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ, ನಾಳೆ ಎದುರಾಗುವ ಮುಜುಗರವೂ ಇಲ್ಲ. ಇಂಥವರನ್ನು ಹದ್ದಿನಲ್ಲಿಡಲು ಒಂದೊಂದು ಆಟವೂ ಒಂದೊಂದು ದಾರಿ ಹುಡುಕಿದೆ.

2008ರಲ್ಲಿ ಬಂದ ಐರೇಸಿಂಗ್‌ನ ದಾರಿ ತೀರಾ ಒಣ. ಅಲ್ಲಿ ತಪ್ಪನ್ನೆಲ್ಲ ‘ಎಕ್ಸ್’ ಎಂಬ ಅಂಕದಲ್ಲಿ ಎಣಿಸುತ್ತಾರೆ. ಟ್ರ್ಯಾಕ್ ಬಿಟ್ಟು ಹೊರಗೆ ಹೋದರೆ 1, ಹಿಡಿತ ತಪ್ಪಿ ಗಿರಕಿ ಹೊಡೆದರೆ 2, ಇನ್ನೊಂದು ಕಾರಿಗೆ ಬಲವಾಗಿ ಗುದ್ದಿದರೆ 4. ಬಹಳಷ್ಟು ಅಧಿಕೃತ ರೇಸ್‌ಗಳಲ್ಲಿ ಒಟ್ಟು 17 ಆಯಿತೆಂದರೆ ರೇಸಿನಿಂದ ಹೊರಗೆ. ರೇಸ್ ಮುಗಿದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಎಷ್ಟು ತಿರುವಿಗೆ ಎಷ್ಟು ತಪ್ಪು ಎಂಬುದರ ಮೇಲೆ ಸೇಫ್ಟಿ ರೇಟಿಂಗ್ ಏರುತ್ತದೆ, ಇಳಿಯುತ್ತದೆ, ಅದರ ಮೇಲೆ ಲೈಸೆನ್ಸ್ ದರ್ಜೆ ನಿಂತಿದೆ. ರೂಕಿ, ಡಿ, ಸಿ, ಬಿ, ಎ ಎಂದು ಹತ್ತುತ್ತ ಹೋದಂತೆ ವೇಗದ ಕಾರುಗಳ ಬಾಗಿಲು ತೆರೆಯುತ್ತದೆ. ಗೆರೆ ದಾಟುವ ಚಾಳಿ ಬಿಡದವನು ಚಿಕ್ಕ ಕಾರುಗಳಲ್ಲೇ ಸುತ್ತುತ್ತಿರಬೇಕು.

ಇಲ್ಲಿ ಎಲ್ಲರನ್ನೂ ಕೆರಳಿಸುವ ಸಂಗತಿಯೊಂದಿದೆ. ತಪ್ಪು ಯಾರದ್ದು ಎಂದು ಐರೇಸಿಂಗ್ ಕೇಳುವುದೇ ಇಲ್ಲ. ಹಿಂದಿನವನು ಬಂದು ಗುದ್ದಿದ, ನೀವು ಹುಲ್ಲಿಗೆ ಹೋದಿರಿ ಅನ್ನಿ, ಅಂಕ ಇಬ್ಬರಿಗೂ ಬೀಳುತ್ತದೆ. ಹೊಸಬರು ಇದನ್ನು ಕಂಡು ಕೂಗಾಡುತ್ತಾರೆ, ಹಳಬರು ಭುಜ ಕುಣಿಸುತ್ತಾರೆ. ನನಗೆ ಹಳಬರ ಪಕ್ಷವೇ ಸರಿ ಕಾಣುತ್ತದೆ. ಒಂದು ರೇಸಿಗೆ ಇದು ಅನ್ಯಾಯವೇ. ಆದರೆ ನೂರು ರೇಸಿನ ಸರಾಸರಿ ತೆಗೆದರೆ ಎಲ್ಲಿ ಜಾಗ ಬಿಡಬೇಕು, ಯಾರ ಪಕ್ಕ ಸುಳಿಯಬಾರದು ಎಂದು ಕಲಿತವನ ಅಂಕ ತಾನಾಗಿ ಕಡಿಮೆ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರ ತನಗೆ ತಿಳಿಯದ್ದನ್ನು ತಿಳಿದಂತೆ ನಟಿಸುವುದಿಲ್ಲ.

ಗ್ರಾನ್ ಟುರಿಸ್ಮೊ ನಟಿಸಲು ಹೋಯಿತು. 2017ರ ‘ಗ್ರಾನ್ ಟುರಿಸ್ಮೊ ಸ್ಪೋರ್ಟ್’ನಿಂದ 2022ರ ‘ಗ್ರಾನ್ ಟುರಿಸ್ಮೊ 7’ರವರೆಗೆ ಜಪಾನಿನ ಈ ಆಟ ಡಿಕ್ಕಿಯಾದಾಗ ತಪ್ಪಿತಸ್ಥ ಯಾರು ಎಂದು ತಾನೇ ತೀರ್ಪು ಕೊಡುತ್ತ ಬಂದಿದೆ. ಅಡ್ಡದಾರಿ ಹಿಡಿದವನಿಗೆ ಇಂತಿಷ್ಟು ಸೆಕೆಂಡ್, ತಳ್ಳಿದವನಿಗೆ ಇಂತಿಷ್ಟು. ಟ್ರ್ಯಾಕ್‌ನಲ್ಲಿ ಗುರುತು ಮಾಡಿದ ವಲಯದಲ್ಲಿ ವೇಗ ಇಳಿದು ಆ ದಂಡ ತೀರಬೇಕು. ಜೊತೆಗೆ ಆಟಗಾರನ ನಡತೆಗೆ ಇ ಇಂದ ಎಸ್‌ವರೆಗೆ ಒಂದು ಅಕ್ಷರದ ದರ್ಜೆ. ಆಶಯ ಉದಾತ್ತವಾದದ್ದು. ಆದರೆ ಡಿಕ್ಕಿ ಎಂಬುದು ಅರ್ಧ ಸೆಕೆಂಡಿನ ಘಟನೆ, ಅದರ ಕಾರಣ ಹಿಂದಿನ ಹತ್ತು ಸೆಕೆಂಡಿನಲ್ಲಿ ಹರಡಿಕೊಂಡಿರುತ್ತದೆ. ತಿರುವಿನ ಒಳಬದಿಯಲ್ಲಿ ಕಾರಿದ್ದರೂ ಕಾಣದವನಂತೆ ಅದರ ದಾರಿ ಮುಚ್ಚಿದವನು, ಬೇಕೆಂದೇ ಅರ್ಧ ಸೆಕೆಂಡ್ ಮೊದಲೇ ಬ್ರೇಕ್ ಒತ್ತಿದವನು, ಇವರೆಲ್ಲ ಯಂತ್ರದ ಕಣ್ಣಿಗೆ ಬಲಿಪಶುಗಳಂತೆ ಕಾಣುತ್ತಾರೆ. ತಳ್ಳಿಸಿಕೊಂಡು ಹೊರಗೆ ಹೋದವನಿಗೇ ಗೆರೆ ದಾಟಿದ ದಂಡ ಬಿದ್ದ ದೂರುಗಳು ಈ ಆಟದ ಚರಿತ್ರೆಯುದ್ದಕ್ಕೂ ಇವೆ. ತಯಾರಕರು ನಿಯಮ ಬದಲಿಸುತ್ತಲೇ ಬಂದರು, ಪ್ರತಿ ಬದಲಾವಣೆಗೂ ಹೊಸ ಉಪಾಯ ಕಂಡುಹಿಡಿಯುವವರು ಕಾದುಕೊಂಡಿದ್ದರು. ಅರೆಬರೆ ನ್ಯಾಯಾಧೀಶನಿಗಿಂತ ಕಣ್ಣುಮುಚ್ಚಿ ಎಣಿಸುವ ಗುಮಾಸ್ತ ವಾಸಿ ಎಂದು ನನಗೆ ಅನ್ನಿಸುವುದು ಇದಕ್ಕೇ.

ಇನ್ನು ಗೆರೆಯ ಪ್ರಶ್ನೆಗೇ ಬಂದರೆ, ಆಟಗಳು ಎರಡು ಬಣ. ಚಕ್ರ ಎಲ್ಲಿತ್ತು ಎಂದು ನೋಡುವವು ಒಂದು, ಸಮಯ ಎಷ್ಟು ಉಳಿಯಿತು ಎಂದು ನೋಡುವವು ಇನ್ನೊಂದು. ಮೊದಲನೆಯದು ಸ್ಪಷ್ಟ, ಆದರೆ ಕ್ರೂರ. ಹಿಡಿತ ತಪ್ಪಿ, ಎರಡು ಸೆಕೆಂಡ್ ಕಳೆದುಕೊಂಡು, ಧೂಳು ಮೆತ್ತಿದ ಟೈರಿನಲ್ಲಿ ತೆವಳಿ ಬಂದವನಿಗೂ ‘ಎಲ್ಲೆ ಮೀರಿದ್ದೀರಿ’ ಎಂದು ಗದರುತ್ತದೆ. ಎರಡನೆಯದು ನ್ಯಾಯಕ್ಕೆ ಹತ್ತಿರ. ಹೊರಗೆ ಹೋದಾಗ ವೇಗ ಕಡಿಮೆ ಮಾಡಿದ್ದೀಯಾ, ಮಾಡಿದ್ದರೆ ಬಿಟ್ಟೆ, ಇಲ್ಲವಾದರೆ ಗಳಿಸಿದ್ದನ್ನು ಹಿಂದಿರುಗಿಸು ಎನ್ನುತ್ತದೆ. ಐರೇಸಿಂಗ್‌ನಲ್ಲಿ ಎರಡೂ ಉಂಟು: ಅಂಕ ಚಕ್ರಕ್ಕೆ, ಅಡ್ಡದಾರಿಯಲ್ಲಿ ಸಮಯ ಗಳಿಸಿದರೆ ‘ಸ್ಲೋ ಡೌನ್’ ಆಜ್ಞೆ ಬೇರೆ. ಆಕ್ಸಿಲರೇಟರ್ ಬಿಟ್ಟು ಅಷ್ಟು ಸಮಯ ತೀರಿಸಬೇಕು, ಇಲ್ಲವಾದರೆ ಪಿಟ್‌ಗೆ ಬಂದು ನಿಂತು ಹೋಗಬೇಕು.

ಇಟಲಿಯ ಕುನೋಸ್ ಸಂಸ್ಥೆಯ ‘ಅಸೆಟ್ಟೊ ಕೊರ್ಸಾ ಕಾಂಪೆಟಿಜಿಯೋನೆ’ಯಲ್ಲಿ ಎಚ್ಚರಿಕೆಗಳು ಒಂದೊಂದಾಗಿ ಕೂಡುತ್ತಾ ಹೋಗಿ ಕೊನೆಗೆ ಡ್ರೈವ್-ಥ್ರೂ ಬೀಳುತ್ತದೆ. ರೇಸ್ ಕಾರನ್ನು ಗಂಟೆಗೆ 50 ಕಿಲೋಮೀಟರಿನಲ್ಲಿ ಪಿಟ್ ಓಣಿಯುದ್ದಕ್ಕೂ ನಡೆಸಿಕೊಂಡು ಹೋಗುವ ಅವಮಾನ ಅನುಭವಿಸಿದವರಿಗೇ ಗೊತ್ತು. ಕೋಡ್‌ಮಾಸ್ಟರ್ಸ್ ಕಂಪನಿಯ ಫಾರ್ಮುಲಾ ಒನ್ ಆಟಗಳಲ್ಲಿ ಇನ್ನೊಂದು ನಿಯಮವಿದೆ, ಮೊದಲ ಸಲ ಎದುರಾದಾಗ ಹುಚ್ಚು ಅನ್ನಿಸುತ್ತದೆ. ಕೊನೆಯ ತಿರುವಿನಲ್ಲಿ ಗೆರೆ ದಾಟಿದರೆ ಈ ಲ್ಯಾಪ್ ಮಾತ್ರವಲ್ಲ, ಇನ್ನೂ ಶುರುವಾಗದ ಮುಂದಿನ ಲ್ಯಾಪ್ ಕೂಡ ರದ್ದು! ಒಂದು ಕ್ಷಣ ಯೋಚಿಸಿದರೆ ಇದಕ್ಕಿಂತ ಸರಿಯಾದದ್ದಿಲ್ಲ. ಆ ತಿರುವಿನಲ್ಲಿ ಕದ್ದ ವೇಗ ಖರ್ಚಾಗುವುದು ಮುಂದಿನ ಲ್ಯಾಪಿನ ಮೊದಲ ನೇರ ಹಾದಿಯಲ್ಲಿ.

ಕರ್ಬ್ ವಿಷಯ ಬೇರೆಯೇ ತಲೆನೋವು. ಒಂದು ಆಟದಲ್ಲಿ, ಒಂದು ಟ್ರ್ಯಾಕ್‌ನಲ್ಲಿ ಅದು ಒಳಗೆ, ಇನ್ನೊಂದರಲ್ಲಿ ಹೊರಗೆ. ಕಣ್ಣಿಗೆ ಕಾಣುವ ಬಣ್ಣಕ್ಕೂ ಯಂತ್ರ ನಂಬುವ ಅದೃಶ್ಯ ಗೆರೆಗೂ ಹೊಂದಾಣಿಕೆ ಇಲ್ಲದ ತಿರುವುಗಳನ್ನು ಆಟಗಾರರು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಗೆರೆಯನ್ನು ಕಾನೂನು ಮಾಡುವುದಾದರೆ ಆ ಗೆರೆ ಕಾಣಬೇಕು.

ಗೆರೆಯೇ ಇಲ್ಲದೆ ಬದುಕುವ ಆಟವೂ ಒಂದಿದೆ. ಫ್ರಾನ್ಸಿನ ನಾಡಿಯೊ ಸಂಸ್ಥೆಯ ‘ಟ್ರ್ಯಾಕ್‌ಮೇನಿಯಾ’ದಲ್ಲಿ ಕಾನೂನು ಒಂದೇ: ಚೆಕ್‌ಪಾಯಿಂಟ್‌ಗಳನ್ನೆಲ್ಲ ಮುಟ್ಟಿ ಕೊನೆಯ ಗೆರೆ ದಾಟು. ನಡುವೆ ರಸ್ತೆಯಲ್ಲಿ ಹೋಗು, ಗೋಡೆ ಹಾರು, ಆಕಾಶದಲ್ಲಿ ಹೋಗು, ನಿನ್ನಿಷ್ಟ. ಅಲ್ಲಿ ಅಡ್ಡದಾರಿ ಹಿಡಿದವನು ಮೋಸಗಾರನಲ್ಲ, ಶೋಧಕ. ವರ್ಷಗಟ್ಟಲೆ ಯಾರಿಗೂ ಹೊಳೆಯದ ದಾರಿಯನ್ನು ಒಬ್ಬ ಕಂಡುಹಿಡಿದರೆ ಉಳಿದವರು ಚಪ್ಪಾಳೆ ತಟ್ಟಿ ಅದನ್ನೇ ಅಭ್ಯಾಸ ಮಾಡುತ್ತಾರೆ. ಇದು ಸಾಧ್ಯವಾಗಿರುವುದಕ್ಕೆ ಕಾರಣವೂ ಇದೆ. ಅಲ್ಲಿ ಕಾರುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ, ಒಂದರೊಳಗಿಂದ ಒಂದು ಹಾದುಹೋಗುತ್ತವೆ. ಸ್ಪರ್ಧೆ ಗಡಿಯಾರದ ಜೊತೆ. ಒಂದೇ ರಸ್ತೆಯನ್ನು ಇಬ್ಬರು ಹಂಚಿಕೊಳ್ಳಬೇಕಾದ ಗಳಿಗೆಯಲ್ಲಿ ಈ ಸ್ವಾತಂತ್ರ್ಯ ನಡೆಯುವುದಿಲ್ಲ.

ಹಂಚಿಕೊಳ್ಳುವ ಕಷ್ಟ ನಮ್ಮ ದೇಶದ ಆಟಗಾರರಿಗೆ ಇನ್ನೂ ಒಂದು ತೂಕ ಹೆಚ್ಚು. ರೇಸ್ ನಡೆಸುವ ಸರ್ವರ್ ದೂರದ ದೇಶದಲ್ಲಿದ್ದಾಗ ಪಕ್ಕದ ಕಾರು ಈ ಕ್ಷಣ ಎಲ್ಲಿದೆ ಎಂಬುದು ನಿಮ್ಮ ಪರದೆಗೆ ಖಚಿತವಾಗಿ ಗೊತ್ತಿರುವುದಿಲ್ಲ. ಸ್ವಲ್ಪ ಹಿಂದೆ ಬಂದ ಮಾಹಿತಿಯಿಂದ ಅಂದಾಜು ಕಟ್ಟಿ ತೋರಿಸುತ್ತದೆ. ನಿಮ್ಮ ಪರದೆಯಲ್ಲಿ ಇಬ್ಬರ ನಡುವೆ ಒಂದು ಗೇಣು ಜಾಗ, ಅವನ ಪರದೆಯಲ್ಲಿ ನೀವು ಅವನ ಬಾಗಿಲಿಗೆ ಒರಗಿದ್ದೀರಿ. ನೀವು ಮುಟ್ಟದೆಯೇ ಅವನು ಹುಲ್ಲಿಗೆ ಹಾರುತ್ತಾನೆ, ಇಬ್ಬರಿಗೂ ಅಂಕ ಬೀಳುತ್ತದೆ. ನಿಮ್ಮ ಚಕ್ರದ ಜಾಗ ಕೂದಲೆಳೆಯಷ್ಟು ಖಚಿತ, ಎದುರಾಳಿಯದ್ದು ಬರೀ ಊಹೆ.

ಇದಕ್ಕೆಲ್ಲ ಮನುಷ್ಯರೇ ಮದ್ದು ಎಂದು ನಂಬಿದವರು ಖಾಸಗಿ ಲೀಗ್‌ಗಳನ್ನು ಕಟ್ಟಿಕೊಂಡಿದ್ದಾರೆ. ಅಲ್ಲಿ ರೇಸ್ ಮುಗಿದ ಮೇಲೆ ಸ್ಟೀವರ್ಡ್‌ಗಳಾಗಿ ಕೂತ ಸ್ವಯಂಸೇವಕರು ರೀಪ್ಲೇ ಹಾಕಿ, ಚಾಲಕನ ಕಣ್ಣಿನಿಂದ, ಮೇಲಿನಿಂದ, ಹಿಂದಿನಿಂದ ನೋಡಿ ತೀರ್ಮಾನ ಕೊಡುತ್ತಾರೆ. ಸಂಬಳವಿಲ್ಲ, ಬೈಗುಳ ಧಾರಾಳ. ಹೊರಗೆ ತಳ್ಳಿಸಿಕೊಂಡವನನ್ನು ಬಿಡುವ, ಜಾಣತನದಿಂದ ಗೆರೆ ದಾಟಿದವನನ್ನು ಹಿಡಿಯುವ ಕೆಲಸ ಇವರಿಂದ ಆಗುವಷ್ಟು ಚೆನ್ನಾಗಿ ಯಾವ ತಂತ್ರಾಂಶದಿಂದಲೂ ಆಗುವುದನ್ನು ನಾನು ಕಂಡಿಲ್ಲ. ಆದರೆ ದಿನವಿಡೀ ಗಂಟೆಗಂಟೆಗೂ ನಡೆಯುವ ಸಾರ್ವಜನಿಕ ರೇಸ್‌ಗಳಿಗೆ ಇಷ್ಟು ಜನರನ್ನು ಎಲ್ಲಿಂದ ತರುವುದು?

ಆಸ್ಟ್ರಿಯಾದವರು ಬೇರೆ ಉತ್ತರ ಹುಡುಕಿದರು. 2024ರ ರೇಸಿಗೆ 9 ಮತ್ತು 10ನೇ ತಿರುವಿನ ಹೊರಅಂಚಿಗೆ ಮತ್ತೆ ಜಲ್ಲಿಯ ಪಟ್ಟಿ ಹಾಕಿದರು. ಡಾಂಬರಿನ ಬಯಲು ಹಾಗೇ ಉಳಿಯಿತು, ಅದಕ್ಕೂ ಮೊದಲು ಕಿರಿದಾದ ಜಲ್ಲಿ ಬಂತು. ಚಕ್ರ ಅದರೊಳಗೆ ಇಳಿದರೆ ಸಮಯ ಅಲ್ಲೇ ಹೋಗುತ್ತದೆ, ಯಾರೂ ಸೀಟಿ ಊದಬೇಕಿಲ್ಲ. ಹಿಂದಿನ ವರ್ಷದ ರಗಳೆ ಬಹುಪಾಲು ತಣ್ಣಗಾಯಿತು. ಪೂರ್ತಿ ಅಲ್ಲ. ಆರನೇ ತಿರುವಿನಲ್ಲಿ ಆಸ್ಕರ್ ಪಿಯಾಸ್ಟ್ರಿಯ ಅರ್ಹತಾ ಲ್ಯಾಪ್ ರದ್ದಾಗಿ ಅವರ ತಂಡ ಮೆಕ್‌ಲಾರೆನ್ ಸಿಡಿಮಿಡಿಗೊಂಡಿತು, ರೇಸಿನಲ್ಲಿ ಲ್ಯಾಂಡೊ ನಾರಿಸ್ ಅವರಿಗೆ ಗೆರೆ ದಾಟಿದ್ದಕ್ಕೇ 5 ಸೆಕೆಂಡ್ ಬಿತ್ತು. ಆದರೂ 1,200 ಎಲ್ಲಿ, ಇದೆಲ್ಲಿ.

ಆಟ ಕಟ್ಟುವವರು ಕಲಿಯಬೇಕಾದದ್ದು ಇಲ್ಲಿದೆ. ಅವರ ಕೈಯಲ್ಲಿ ಲಾರಿಗಟ್ಟಲೆ ಜಲ್ಲಿ ಪುಕ್ಕಟೆ ಇದೆ. ಹೊರಗಿನ ನೆಲ ಟೈರಿಗೆ ಧೂಳು ಮೆತ್ತಿ ಮುಂದಿನ ಎರಡು ತಿರುವು ಹಿಡಿತ ಕಸಿಯುವಂತೆ, ಎತ್ತರದ ಕರ್ಬ್ ಕಾರಿನ ತಳ ಬಡಿದು ಮುರಿಯುವಂತೆ ಬರೆದರೆ ದಂಡದ ಅರ್ಧ ಪುಸ್ತಕವೇ ಬೇಡ. ಕೆಲವು ಆಟಗಳು ಇದನ್ನು ಒಂದಷ್ಟು ಮಾಡುತ್ತಿವೆ, ಹೆಚ್ಚಿನವು ಪರದೆಯ ಮೇಲೆ ಕೆಂಪು ಅಕ್ಷರ ಮೂಡಿಸಿ ಕೈತೊಳೆದುಕೊಳ್ಳುತ್ತವೆ. ನೆಲ ಕೊಡುವ ಶಿಕ್ಷೆಗೆ ಯಾರೂ ಮೇಲ್ಮನವಿ ಹಾಕುವುದಿಲ್ಲ. ಅಕ್ಷರದ ಶಿಕ್ಷೆ ಉಳಿಯಲಿ, ಡಾಂಬರಿನ ಬಯಲಿರುವ ನಿಜವಾದ ಟ್ರ್ಯಾಕ್‌ಗಳ ನಕಲಿನಲ್ಲಿ ಅದು ಅನಿವಾರ್ಯ. ಅಲ್ಲಿ ಮಾತ್ರ.

ಆಟ ಕಟ್ಟುವವರು ಇದನ್ನು ಕಲಿಯುವವರೆಗೆ, ಈ ವಾರ ಹೊಸದಾಗಿ ಸ್ಟೀರಿಂಗ್ ಕೊಂಡು ಆನ್‌ಲೈನ್ ರೇಸಿಗೆ ಇಳಿಯುವವರಿಗೆ ಒಂದು ಮಾತು. ಎಚ್ಚರಿಕೆ ಬಂತೆಂದು, ಸಮಯ ಹಿಂದಿರುಗಿಸು ಎಂದು ಪರದೆ ಹೇಳಿತೆಂದು ರೇಸಿಂಗ್ ಲೈನಿನ ಮೇಲೇ ಬ್ರೇಕ್ ಒತ್ತಬೇಡಿ. ಮೊದಲು ಪಕ್ಕಕ್ಕೆ ಸರಿಯಿರಿ, ಆಮೇಲೆ ಆಕ್ಸಿಲರೇಟರ್ ಬಿಡಿ. ನಿಮಗೆ ಬಂದ ಆಜ್ಞೆ ಹಿಂದೆ ಬರುತ್ತಿರುವವರ ಪರದೆಯಲ್ಲಿ ಕಾಣುವುದಿಲ್ಲ.